ವೀರಗಲ್ಲಿಗೆ ಎರಡು ಕೋಟ್ ಪೇಂಟ್

ಕಳೆದ ತಿಂಗಳು ಬಿಳಿಗೆರೆ ಹತ್ತಿರ, ನಮ್ಮ ದೊಡ್ಡಮ್ಮನ ತೋಟದಲ್ಲಿ ನಾನೊಬ್ಬ ವೀರನನ್ನು ಕೊಂದೆ.

ಗಾಬರಿ ಬೇಡ. ಆತ ದನಗಳ್ಳರ ಜೊತೆ ಹೋರಾಡಿ ಸತ್ತು ಎಷ್ಟೋ ನೂರು ವರ್ಷವಾಗಿದೆ. ಉಳಿದಿದ್ದದ್ದು ದೊಡ್ಡಮ್ಮ ದೇವರೆಂದು ದೀಪ ಹಚ್ಚುವ ಆತನ ವೀರಗಲ್ಲು ಮಾತ್ರ. ಅದನ್ನೂ ಮುಗಿಸಿಬಿಟ್ಟೆ. (ಬಳಸಿದ ಆಯುಧ: ಮೊಬೈಲ್.)

ವಿಷಯ ಇಷ್ಟೆ. ಹೊಸ ಬೈಪಾಸ್ ದೊಡ್ಡಮ್ಮನ ತೋಟದ ನಡುವೆಯೇ ಹಾಯುತ್ತದೆ. ಅವರು ಕೈಯಾರೆ ನೆಟ್ಟು ಮಕ್ಕಳ ಹಾಗೆ ಸಾಕಿದ ನಲವತ್ತು ತೆಂಗಿನಮರ ಹೋಗುತ್ತವೆ. ಆದರೆ ರಸ್ತೆ ಮಾಡುವ ಮೊದಲು, ದಾರಿಯಲ್ಲಿ ಹಳೆಯ ಗುಡಿ, ಶಾಸನ, ಕಲ್ಲು ಇದೆಯೇ ಎಂದು ನೋಡಲು ಸರ್ವೆಯವರು ಬರುತ್ತಾರಂತೆ. ಇದ್ದರೆ ರಸ್ತೆ ಪಕ್ಕಕ್ಕೆ ಸರಿಯುತ್ತದಂತೆ. (ಗುದ್ದಲಿ ಪೂಜೆ ಆಗಲೇ ಮುಗಿದಿತ್ತು. ಮದುವೆ ಮುಗಿಸಿ ಜಾತಕ ಕೇಳುವುದು ಸರ್ಕಾರಕ್ಕೆ ಅಭ್ಯಾಸ.)

ನಾನು ಓದಿದವನಲ್ಲವೇ? ತಕ್ಷಣ ಫೋನ್ ಮಾಡಿದೆ.

“ದೊಡ್ಡಮ್ಮಾ, ನಮ್ಮ ವೀರಗಲ್ಲೇ ನಿನ್ನ ಮರ ಉಳಿಸೋದು. ಗುರುವಾರ ಆಫೀಸರ್ ಬರ್ತಾರೆ. ಎಲ್ಲ ಕ್ಲೀನ್ ಮಾಡ್ಸಿ, ಚೆನ್ನಾಗಿ ಕಾಣೋ ಹಂಗೆ ಮಾಡಿಡು.”

“ಅದೇನ್ ದೊಡ್ ಕೆಲ್ಸ ಬುಡು ಮಗಾ.”

ನಮ್ಮ ಕಡೆ ದೇವರು ಚೆನ್ನಾಗಿ ಕಾಣಬೇಕೆಂದರೆ ಜನ ಏನು ಮಾಡುತ್ತಾರೆ? ಇಷ್ಟು ವರ್ಷ ಇದೇ ಸೀಮೆಯ ಕೊಬ್ಬರಿ ತಿಂದ ನನಗೆ ಅದು ಹೊಳೆಯಬೇಡವೇ?

ಗುರುವಾರ ಹೋಗಿ ನೋಡಿದರೆ ವೀರ ಫಳಫಳ ಹೊಳೆಯುತ್ತಿದ್ದಾನೆ. ದೊಡ್ಡಮ್ಮ ತಿಪಟೂರಿನಿಂದ ಪೇಂಟರ್ ಕರೆಸಿ ಎರಡು ಕೋಟ್ ಹೊಡೆಸಿದ್ದರು. ಮೈಗೆ ಸಿಲ್ವರ್, ಮೀಸೆಗೆ ಕಪ್ಪು, ತುಟಿಗೆ ಕೆಂಪು. ಕೆಳಗಿದ್ದ ಎರಡು ಸಾಲು ಹಳಗನ್ನಡದ ಅಕ್ಷರ ಬಣ್ಣದಡಿ ಪೂರ್ತಿ ಮುಚ್ಚಿಹೋಗಿತ್ತು.

“ಹೆಂಗೈತ್ಲಾ?” ಅಂದರು, ಮುಖ ಅರಳಿಸಿಕೊಂಡು. ನನಗೆ ಅಳು ಬಂತು.

ಆಫೀಸರ್ ಜೀಪಿನಿಂದ ಇಳಿದರು. ಎಳನೀರು ಕುಡಿದರು. ವೀರನ ಫೋಟೊ ತೆಗೆದರು. ‘ಈಚಿನ ವಿಗ್ರಹ’ ಎಂದು ಬರೆದುಕೊಂಡರು.

“ಸಾರ್, ಸ್ವಲ್ಪ ಬಣ್ಣ ಕೆರೆದು ನೋಡಿ. ಒಳಗೆ ಶಾಸನ ಇದೆ.”

“ಕೆರೆಯೋದಕ್ಕೆ ಫಾರಂನಲ್ಲಿ ಕಾಲಂ ಇಲ್ಲ ಕಣ್ರೀ. ಕಂಡಿದ್ದನ್ನ ಬರೀಬೇಕು, ಅಷ್ಟೆ.”

ನಾನೇ ಬೈಕಿನ ಕೀ ಹಿಡಿದು ಕೆರೆಯಲು ಬಗ್ಗಿದೆ. ದೊಡ್ಡಮ್ಮ ಓಡಿಬಂದು ಕೈ ಹಿಡಿದುಕೊಂಡರು.

“ಮೊನ್ನೆ ತಾನೆ ಪೂಜೆ ಮಾಡಿವ್ನಿ ಕಣ್ಲಾ! ಮರ ಹೋದ್ರೆ ಹೋಗ್ಲಿ, ಸ್ವಾಮಿ ಮೈ ಕೆರೀತೀಯಾ?”

ಇನ್ನು ಯಾರ ಹತ್ತಿರ ವಾದ ಮಾಡಲಿ? ಕೀ ಜೇಬಿಗೆ ಹಾಕಿಕೊಂಡೆ.

ಪಕ್ಕದ ತೋಟದವರು ಮಿಕ್ಸಿ ಬಂದ ಮೇಲೆ ಬೇಲಿ ಮೂಲೆಗೆ ಎಸೆದಿದ್ದ ಒಡಕು ಒರಳು ಒಂದಿತ್ತು. ಪಾಚಿ ಕಟ್ಟಿ ಹಸಿರಾಗಿತ್ತು. ಆಫೀಸರ್ ಅದರ ಮುಂದೆ ಭಕ್ತಿಯಿಂದ ಕುಕ್ಕರುಗಾಲಲ್ಲಿ ಕೂತರು. ನಾಲ್ಕು ಕಡೆಯಿಂದ ಫೋಟೊ. ‘ಪುರಾತನ ಅವಶೇಷ’ ಎಂದು ಪಟ್ಟಿಗೆ ಸೇರಿತು! ರಸ್ತೆ ಅದಕ್ಕೆ ದಾರಿ ಬಿಟ್ಟು, ದೊಡ್ಡಮ್ಮನ ಕಡೆಗೇ ಇನ್ನೂ ಎಂಟು ಮರದಷ್ಟು ಸರಿಯಿತು.

ಅಂದರೆ ದಿನಾ ದೀಪ ಹಚ್ಚಿ ಕಾಪಾಡಿಕೊಂಡು ಬಂದದ್ದು ಹೊಸದು. ಎಸೆದು ಮರೆತದ್ದು ಇತಿಹಾಸ. ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ವೀರನೂ ಧೂಳು ಮೆತ್ತಿಕೊಂಡು ಪಾಸಾಗುತ್ತಿದ್ದನೋ ಏನೋ. ಆ ಸಂಕಟ ಇನ್ನೂ ಹೋಗಿಲ್ಲ.

ಮೊನ್ನೆ ರಸ್ತೆಯವರು ಬಂದು ಮರಗಳ ಸಾಲಿನಲ್ಲಿ ಗಡಿಕಲ್ಲು ನೆಟ್ಟು ಹೋದರು. ಮಾರನೆಯ ಬೆಳಗ್ಗೆ ತೋಟಕ್ಕೆ ಹೋದರೆ, ದೊಡ್ಡಮ್ಮ ಪೈಪು ಹಿಡಿದು ಆ ಕಲ್ಲಿಗೆ ನೀರು ಬಿಡುತ್ತಾ ನಿಂತಿದ್ದಾರೆ.

“ಇದೇನು ದೊಡ್ಡಮ್ಮಾ?”

“ಪಾಚಿ ಕಟ್ಲಿ ಅಂತ ಕಣಪ್ಪ. ಹಳೇದಾದ್ಮೇಲೆ ಅವರ ಕಲ್ನ ಅವರೇ ಮುಟ್ಟಂಗಿಲ್ವಲ್ಲಾ?”