ಬೆಳೆಯದ ಮೂಳೆಯ ಮೂರು ಚಿತ್ರಗಳು

ಮನೆಯಲ್ಲಿ ಎಲ್ಲರೂ ಅವಳನ್ನು ಮೊಂಡಿ ಎಂದೇ ಕರೆಯುತ್ತಿದ್ದರು. ಎಳವೆಯಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಕೊಳೆತು, ವೈದ್ಯರು ಒಂದು ತುಂಡನ್ನೇ ತೆಗೆದುಹಾಕಿದ್ದರು. ಸೊಂಟದ ಮೂಳೆಯ ಚೂರು ತಂದು ಕಸಿ ಮಾಡಿದ್ದರಿಂದ ಕಾಲೇನೋ ಉಳಿಯಿತು, ಕುಂಟು ಹೋಗಲಿಲ್ಲ. ಊರುಗೋಲು ತಂದುಕೊಟ್ಟ ಚಿಕ್ಕಪ್ಪನಿಗೆ, "ನೀವೇ ಇಟ್ಕೊಳ್ಳಿ, ವಯಸ್ಸಾದ್ಮೇಲೆ ಬೇಕಾಗುತ್ತೆ," ಎಂದಿದ್ದಳು.

ಮುಂದೆ ಪಶುವೈದ್ಯಳಾಗಿ, ಮೂಳೆ ಬೆಳೆಸುವ ಸಂಶೋಧನೆಗೇ ಬಂದಳು. ಮೊಲಗಳ ಕಾಲಿನ ಮೂಳೆಯಲ್ಲಿ ಸಣ್ಣ ರಂಧ್ರ ಕೊರೆದು, ಮೊಟ್ಟೆಯ ಚಿಪ್ಪು ಸುಟ್ಟು ಮಾಡಿದ ಬಿಳಿ ಪುಡಿ ತುಂಬಿ, ಅಲ್ಲಿ ಹೊಸ ಮೂಳೆ ಹುಟ್ಟುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಹೋಲಿಸಿ ನೋಡಲೆಂದು ಕೆಲವು ಮೊಲಗಳ ರಂಧ್ರವನ್ನು ಪುಡಿ ಹಾಕದೆ ಖಾಲಿ ಬಿಡುತ್ತಿದ್ದಳು. ಕೊನೆಗೆ ಮೊಲಗಳನ್ನು ಮದ್ದು ಕೊಟ್ಟು ಕೊಲ್ಲಲೇಬೇಕಿತ್ತು. ಮೂಳೆ ಸೀಳಿ ನೋಡದೆ ಪೂರ್ತಿ ತಿಳಿಯುವಂತಿರಲಿಲ್ಲ. ಆ ಸೂಜಿಯನ್ನು ಅವಳು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಮಡಿಲಲ್ಲಿ ಕೂರಿಸಿಕೊಂಡು, ಕಿವಿ ಸವರುತ್ತ ತಾನೇ ಚುಚ್ಚುತ್ತಿದ್ದಳು.

ಹೆಚ್ಚಿನ ಮೊಲಗಳಲ್ಲಿ ರಂಧ್ರ ಮುಚ್ಚಿತ್ತು. ಮೂರರಲ್ಲಿ ಮಾತ್ರ ಪುಡಿ ಹಾಗೇ ಕೂತು, ಸುತ್ತ ಕೀವು ಕಟ್ಟಿತ್ತು. ವಿಭಾಗದ ಮುಖ್ಯಸ್ಥರು ಎಕ್ಸ್-ರೇಗಳನ್ನು ಬೆಳಕಿಗೆ ಹಿಡಿದು ನೋಡಿ, ಆ ಮೂರನ್ನು ಪಕ್ಕಕ್ಕೆ ಸರಿಸಿದರು.

"ಇವನ್ನ ಬಿಟ್ಬಿಡು. ಗೂಡು ಸರಿಯಾಗಿ ತೊಳೆದಿರಲ್ಲ, ನಂಜಾಗಿದೆ."

"ಎಲ್ಲಾ ಗೂಡೂ ಒಂದೇ ಥರ ತೊಳೆದಿದ್ದು ಸಾರ್. ಪುಡಿ ಹಾಕದೇ ಇರೋ ಮೊಲಕ್ಕೆ ಯಾಕೆ ಆಗ್ಲಿಲ್ಲ?"

"ಮನುಷ್ಯರ ಮೇಲೆ ಪರೀಕ್ಷೆಗೆ ಒಪ್ಪಿಗೆ ಕೇಳ್ಬೇಕು. ಮೂರು ಮೊಲಕ್ಕೋಸ್ಕರ ತಲೆ ಕೆಡಿಸ್ಕೋಬೇಡ."

"ಪ್ರಾಣ ಕೊಟ್ಟಿದ್ದು ಅವು ಸಾರ್. ನಾವು ಸುಳ್ಳು ಹೇಳಿದ್ರೆ ಸುಮ್ಸುಮ್ನೆ ಕೊಂದಂಗಾಯ್ತು."

ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಮುಖ್ಯಸ್ಥರು ಒಳ್ಳೆಯ ಚಿತ್ರಗಳನ್ನಷ್ಟೇ ತೋರಿಸಿದರು. ಮೊಂಡಿ ಹಿಂದಿನ ಸಾಲಿನಿಂದ ಎದ್ದು, ಕುಂಟುತ್ತ ಹೋಗಿ, ಉಳಿದ ಮೂರನ್ನೂ ಮೇಜಿನ ಮೇಲಿಟ್ಟಳು.

"ಕೂತ್ಕೋ," ಎಂದು ಮುಖ್ಯಸ್ಥರು ಹಲ್ಲು ಕಚ್ಚಿದರು.

"ನಿಂತೇ ಹೇಳ್ತೀನಿ." ಹೇಳಿದಳು ಕೂಡ, ಒಂದನ್ನೂ ಬಿಡದೆ.

ಒಪ್ಪಿಗೆ ಸಿಗಲಿಲ್ಲ. ಪುಡಿಯನ್ನು ಮೊದಲಿಂದ ಪರೀಕ್ಷಿಸಿ ಎಂದಿತು ಸಮಿತಿ. ಮುಖ್ಯಸ್ಥರು ಅವಳನ್ನು ದನಗಳ ಚಿಕಿತ್ಸಾ ಕೊಟ್ಟಿಗೆಗೆ ಎತ್ತಿಹಾಕಿದರು.

"ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದಳು ಅಮ್ಮ.

"ಅದನ್ನ ಯಾವುದೋ ಮಗು ಕಾಲಿಗೆ ಹಾಕ್ತಿದ್ರಮ್ಮ."

ಅಮ್ಮ ಎಣ್ಣೆ ತಂದು ಅವಳ ಕಾಲು ತಿಕ್ಕಲು ಕೂತಳು.

ವರ್ಷದೊಳಗೆ ತಪ್ಪು ಸಿಕ್ಕಿತು: ಚಿಪ್ಪಿನ ಒಳಪೊರೆ ಪೂರ್ತಿ ಸುಡದೆ ಪುಡಿಯಲ್ಲಿ ಅಲ್ಲಲ್ಲಿ ಉಳಿದಿತ್ತು. ಮುಖ್ಯಸ್ಥರೇ ಕೊಟ್ಟಿಗೆಯ ಬಾಗಿಲಿಗೆ ಬಂದು, "ವಾಪಸ್ ಬಾ," ಎಂದರು.

"ಆ ಚಿತ್ರಗಳನ್ನ ವರದೀಲಿ ಹಾಕ್ತೀರಾ?"

ಅವರು ಗಡಿಯಾರ ನೋಡಿಕೊಂಡರು. ಮೊಂಡಿ ಕೈಗವಸು ಏರಿಸಿ, ಹೆರಿಗೆಯ ನೋವಿನಲ್ಲಿದ್ದ ಹಸುವಿನತ್ತ ತಿರುಗಿದಳು.

ವರದಿ ಅಚ್ಚಾದಾಗ ಮೂರೂ ಚಿತ್ರಗಳಿದ್ದವು. ಮರುದಿನ ಅವಳು ಸಗಣಿ ಮೆತ್ತಿದ ಬೂಟಿನಲ್ಲೇ ಮುಖ್ಯಸ್ಥರ ಕೋಣೆಗೆ ನಡೆದಳು.

"ಚಿತ್ರ ಬಂದಿದೆ ಸಾರ್. ನನ್ನ ಹೆಸರೆಲ್ಲಿ?"