ಅರ್ಧ ಇಂಚಿನ ಹುಲ್ಲು

ಹುಲ್ಲು ಕತ್ತರಿಸುವ ಯಂತ್ರವನ್ನು ಹೇಗೆ ಇಟ್ಟುಕೊಳ್ಳಬೇಕು, ಯಾವ ಕಾಲದಲ್ಲಿ ಹುಲ್ಲನ್ನು ಎಷ್ಟು ಎತ್ತರ ಬಿಡಬೇಕು ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಮನೆಯ ಮುಂದೆ ನಾಲ್ಕು ಮಾರು ಹುಲ್ಲು ಬೆಳೆಸಿದವರು ಈಗಲೂ ಬಂದು ಕೇಳುತ್ತಾರೆ. ಈ ವಿದ್ಯೆ ನನಗೆ ಯಾರಿಂದ ಬಂತು ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ. ಹೇಳಿದರೆ 1946ರ ಬೇಸಿಗೆಯನ್ನೂ ಹೇಳಬೇಕಾಗುತ್ತದೆ. ಅದನ್ನು ಇಷ್ಟು ವರ್ಷ ಮುಂದೂಡಿದೆ. ಯಾರಿಗೆ ಹೇಳಲೇಬೇಕಿತ್ತೋ ಅವರು ಬದುಕಿದ್ದಾಗ ನಾನು ಬಾಯಿ ಬಿಡಲಿಲ್ಲ. ಈಗ ಬರೆದರೆ ಯಾರಿಗೂ ಏನೂ ಮರಳಿ ಸಿಗುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಆ ವರ್ಷ ನಾನು ರಾಯಚೂರಿನ ಒಬ್ಬ ಹತ್ತಿ ಸಾಹುಕಾರರ ಬಂಗಲೆಯಲ್ಲಿ ಲೆಕ್ಕಪತ್ರ ಬರೆಯುವ ಮುನ್ಷಿಯಾಗಿದ್ದೆ. ವಯಸ್ಸು ಇಪ್ಪತ್ನಾಲ್ಕು. ನನ್ನ ಊರು ಮಾನ್ವಿ. ಹೈಸ್ಕೂಲು ಮುಗಿಸಿದ್ದೆ, ಉರ್ದು ಬರೆಯುತ್ತಿದ್ದೆ, ಇಂಗ್ಲಿಷನ್ನು ಎಡವುತ್ತ ಓದುತ್ತಿದ್ದೆ. ಆ ಎಡವುವ ಇಂಗ್ಲಿಷಿನಿಂದಲೇ ತೋಟದ ಮೇಲ್ವಿಚಾರಣೆಯೂ ನನ್ನ ಪಾಲಿಗೆ ಬಂತು. ಊರು ಬಿಟ್ಟು ಹೊರಟಿದ್ದ ರೈಲ್ವೆಯ ಒಬ್ಬ ಬಿಳಿ ಸಾಹೇಬನಿಂದ ಸಾಹುಕಾರರು ಹುಲ್ಲಿನ ಯಂತ್ರವನ್ನು ಕೊಂಡಿದ್ದರು. ಅದರ ಜೊತೆ ಇಂಗ್ಲಿಷಿನ ಒಂದು ಕಿರುಪುಸ್ತಕ ಬಂದಿತ್ತು. ಅದನ್ನು ಓದಬಲ್ಲವನು ಬಂಗಲೆಯಲ್ಲಿ ನಾನೊಬ್ಬನೇ.

ಯಂತ್ರವೆಂದರೆ ಕೈಯಿಂದ ತಳ್ಳುವಂಥದ್ದು. ಚಕ್ರ ಉರುಳಿದಂತೆ ಐದು ಅಲಗುಗಳ ಒಂದು ಉರುಳೆ ತಿರುಗುತ್ತದೆ, ಕೆಳಗೆ ಅಲುಗಾಡದ ಒಂದು ಅಡಿ ಅಲಗು ಇರುತ್ತದೆ, ಎರಡರ ನಡುವೆ ಸಿಕ್ಕ ಹುಲ್ಲು ಕತ್ತರಿಗೆ ಸಿಕ್ಕಂತೆ ತುಂಡಾಗುತ್ತದೆ. ಮುಂದೆ ಕಟ್ಟಿಗೆಯ ಒಂದು ರೋಲರು. ಅದನ್ನು ಮೇಲಕ್ಕೆ ಸರಿಸಿ ಬಿಗಿದರೆ ಅಲಗು ನೆಲಕ್ಕೆ ಇಳಿಯುತ್ತದೆ, ಕೆಳಕ್ಕೆ ಸರಿಸಿದರೆ ಅಲಗು ಏಳುತ್ತದೆ. ಹುಲ್ಲಿನ ಎತ್ತರವನ್ನು ಗೊತ್ತುಮಾಡುವುದು ಆ ರೋಲರೇ.

ಯಂತ್ರ ತಳ್ಳುತ್ತಿದ್ದವರು ದೇವದುರ್ಗದ ಕಡೆಯ ಅರಕೇರಾದಿಂದ ಬಂದ ಮಾಲಿ. ನನಗಿಂತ ಮೂವತ್ತು ವರ್ಷ ದೊಡ್ಡವರು. ನಮ್ಮ ಕಡೆ ಆ ವಯಸ್ಸಿನವರನ್ನು ಯಪ್ಪಾ ಎನ್ನುವುದು ರೂಢಿ. ನಾನು ‘ಲೇ ಮಾಲಿ’ ಎನ್ನುತ್ತಿದ್ದೆ. ಅವರು ಯಾವ ಕೇರಿಯವರೆಂದು ಗೊತ್ತಿದ್ದುದರಿಂದ ನನ್ನ ನಾಲಿಗೆಗೆ ಹಾಗೆ ಕರೆಯುವುದು ಕಷ್ಟವಾಗಿರಲಿಲ್ಲ. ಇಲ್ಲಿ ‘ಅವರು’ ಎಂದು ಬರೆಯುತ್ತಿರುವುದು ಈಗಿನ ನಾನು.

ಅಕ್ಷರ ಬಾರದ ಆ ಮನುಷ್ಯ ಒಂದೇ ವರ್ಷದಲ್ಲಿ ಯಂತ್ರದ ಮರ್ಮ ತಿಳಿದುಕೊಂಡಿದ್ದರು. ಕೆಲಸ ಮುಗಿದ ಮೇಲೆ ಅಲಗಿಗೆ ಅಂಟಿದ ಹುಲ್ಲನ್ನು ಕಸಬರಿಗೆಯ ಬರಲಿನಿಂದ ತೆಗೆದು, ಔಡಲ ಎಣ್ಣೆ ಸವರಿ ಇಡುವರು. ಅಲಗು ಮೊಂಡಾದರೆ ಎಣ್ಣೆಯಲ್ಲಿ ಎಮರಿ ಪುಡಿ ಕಲಸಿ ಹಚ್ಚಿ, ಉರುಳೆಯನ್ನು ಹಿಂದುಮುಂದಾಗಿ ತಿರುಗಿಸಿ ಮಸೆಯುವರು. ಆಮೇಲೆ ನನ್ನಿಂದ ರದ್ದಿ ಕಾಗದದ ಚೂರು ಇಸಿದುಕೊಂಡು ಅಲಗುಗಳ ನಡುವೆ ಹಿಡಿಯುವರು. ಅದು ಹರಿಯದೆ ನೇರವಾಗಿ ತುಂಡಾದರೆ ಸರಿ. ರೋಲರಿನ ಪಟ್ಟಿಯ ಮೇಲೆ ಅರದಿಂದ ಎರಡು ಗೀರು ಹಾಕಿಕೊಂಡಿದ್ದರು. ಮಳೆಗಾಲಕ್ಕೆ ಒಂದು, ಬೇಸಿಗೆಗೆ ಒಂದು. ಬೇಸಿಗೆಯ ಗೀರಿನಲ್ಲಿ ಹುಲ್ಲು ಒಂದೂವರೆ ಇಂಚು ಉಳಿಯುತ್ತಿತ್ತು. ಯಂತ್ರಕ್ಕೆ ಅವರಿಟ್ಟ ಹೆಸರು ಮುದುಕಿ.

“ಮುದುಕಿಗಿ ಐದs ಹಲ್ಲು ಅದಾವ್ರೀ ಮುನ್ಷಿ. ಆದ್ರೂ ನನಗಿಂತ ಸಣ್ಣಗ ಅಗೀತಾಳ” ಎಂದು ನಗುತ್ತಿದ್ದರು.

ಅವರೂ ಅವರ ಹೆಂಡತಿಯೂ ತೋಟದ ಹಿಂದಿನ ಒಂದು ಕೋಣೆಯಲ್ಲಿದ್ದರು. ಮನೆಗೆ ಬೇರೆ ಬಾವಿ ಇತ್ತು. ತೋಟದ ಬಾವಿಯಿಂದ ನೀರೆತ್ತಿ ಹೌದನ್ನು, ಎಂದರೆ ನೀರಿನ ತೊಟ್ಟಿಯನ್ನು, ತುಂಬಿಸುವವರೂ ಹುಲ್ಲಿಗೆ ಹಾಯಿಸುವವರೂ ಮಾಲಿಯೇ ಆದ್ದರಿಂದ, ಆ ಹೌದಿನಲ್ಲಿ ಅವರ ಹೆಂಡತಿ ಕೊಡ ಅದ್ದಿದರೆ ಯಾರೂ ಕೇಳುತ್ತಿರಲಿಲ್ಲ. ಅರಕೇರಾದಲ್ಲಿ ಹಾಗಿರಲಿಲ್ಲ. ಬಾವಿಯಿಂದ ದೂರ ಕೊಡ ಇಟ್ಟು, ಮೇಲಿನವರು ಯಾರಾದರೂ ಬಂದು ಎತ್ತರದಿಂದ ಸುರಿಯುವವರೆಗೆ ಕೂತಿರಬೇಕು. ಒಮ್ಮೆ ಆಕೆ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಳ್ಳುತ್ತ, “ಇಲ್ಲಿ ನಾನs ತುಂಬ್ಕೋತೀನ್ರೀ. ಯಾರ ಮಾರಿನೂ ನೋಡೂದಿಲ್ಲ” ಎಂದಿದ್ದಳು. ಆ ನೌಕರಿಯಲ್ಲಿ ಅವರಿಗೆ ಸಿಕ್ಕಿದ್ದ ದೊಡ್ಡದು ಅದೇ. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಏಪ್ರಿಲ್ ತಿಂಗಳಲ್ಲಿ ಸಾಹುಕಾರರು ಹೈದರಾಬಾದಿನ ಅಧಿಕಾರಿಗಳನ್ನು ಸಂಜೆಯ ಚಹಾಕ್ಕೆ ಕರೆದರು. ಹುಲ್ಲಿನ ಮೇಲೆ ಕುರ್ಚಿ ಹಾಕುವುದೆಂದಾಯಿತು. “ಲಾನು ಮಖಮಲ್ ಆಗಬೇಕು ನೋಡು” ಎಂದರು. ನಾನು ಪುಸ್ತಕ ತೆರೆದೆ. ಒಳ್ಳೆಯ ಹುಲ್ಲುಹಾಸನ್ನು ಅರ್ಧ ಇಂಚಿಗೆ ಕತ್ತರಿಸಬೇಕು ಎಂದು ಅದರಲ್ಲಿತ್ತು. ಚಹಾಕ್ಕೆ ನಾಲ್ಕು ದಿನ ಉಳಿದಿದ್ದಾಗ, ಬೆಳಿಗ್ಗೆ ನಾನೇ ನಟ್ಟು ತಿರುಗಿಸುವ ಪಾನಾ ಹಿಡಿದು ರೋಲರನ್ನು ಮೇಲೆ ಸರಿಸಿ ಬಿಗಿದೆ.

ಮಾಲಿ ಒಂದು ಸಾಲು ತಳ್ಳಿ ನಿಂತರು. ಹಿಂದೆ ಹಸಿರಿರಲಿಲ್ಲ, ಹಳದಿ ಬುಡಗಳ ಒಂದು ಪಟ್ಟೆ ಇತ್ತು.

“ಬ್ಯಾಡ್ರೀ ಮುನ್ಷಿ. ಇದು ಎರಿ ನೆಲ. ಕರಿಕಿ ಹುಲ್ಲು ಮ್ಯಾಲಿದ್ರ ನೆಲಕ್ಕ ನೆಳ್ಳ ಇರತದ. ಈ ಬಿಸಲಾಗ ಬೋಳ್ಸಿದ್ರ ನೆಲ ಬಾಯಿ ಬಿಡತದ, ಬೇರು ಹರದು ಹೋಗತಾವ.”

“ಬುಕ್ಕಿನ್ಯಾಗ ಬರದದ ಲೇ. ಮೂರು ದಿನ ನೀರು ಬಿಡು, ಹಸರಾಗತದ.”

“ಬುಕ್ಕ ಬರದಾವ್ರು ರಾಯಚೂರಿನ ಬಿಸಲು ಕಂಡಾರೇನ್ರೀ?”

ಅಡುಗೆಯವನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅವನು ನಕ್ಕ. ಆ ನಗೆ ಇಲ್ಲದಿದ್ದರೆ ನಾನು ರೋಲರನ್ನು ಇಳಿಸುತ್ತಿದ್ದೆನೋ ಏನೋ.

“ನೀ ಮಾಲಿ ಅದಿ, ಮಾಸ್ತರಲ್ಲ. ಹೊಡಿ” ಎಂದೆ.

ಅವರು ಪೂರ್ತಿ ಹೊಡೆದರು.

ನೀರು ಬಿಟ್ಟೆವು. ಸಂಜೆ ಹೀರಿಕೊಂಡ ನೆಲ ಮರುದಿನ ಮಧ್ಯಾಹ್ನಕ್ಕೆ ಗಟ್ಟಿಯಾಗಿ ಸೆಳೆದುಕೊಂಡಿತು. ಎರೆಮಣ್ಣಿನ ಗುಣವೇ ಅದು, ಒಣಗಿದಾಗ ಕುಗ್ಗಿ ಸೀಳುತ್ತದೆ. ನಾಲ್ಕನೆಯ ದಿನ ಹುಲ್ಲು ಹಳೆಯ ಚಾಪೆಯ ಬಣ್ಣಕ್ಕೆ ತಿರುಗಿತ್ತು, ನಡುನಡುವೆ ಬೆರಳು ಹೋಗುವಷ್ಟು ಬಿರುಕು. ಬಿರುಕಿಗೆ ಮಣ್ಣು ತುಂಬಿ ಮೇಲೆ ಕುರ್ಚಿ ಹಾಕಿಸಿದೆ. ಒಬ್ಬ ಅಧಿಕಾರಿ ಕೂತೊಡನೆ ಕುರ್ಚಿಯ ಕಾಲು ಮಣ್ಣಿನೊಳಗೆ ಇಳಿದು, ಚಹಾ ಅವರ ಶೇರವಾನಿಯ ಮೇಲೆ ಚೆಲ್ಲಿತು. ಪಕ್ಕದಲ್ಲಿದ್ದ ವಕೀಲರೊಬ್ಬರು, “ಸಾಹುಕಾರ್ರ, ಲಾನ್ ಅಂತ ಕರದು ಕಣದಾಗ ಕೂಡ್ಸೀರಲ್ರೀ. ರಾಶಿ ಯಾವಾಗ?” ಎಂದರು. ಎಲ್ಲರೂ ನಕ್ಕರು. ಸಾಹುಕಾರರೂ ನಗಬೇಕಾಯಿತು.

ಅತಿಥಿಗಳ ಟಾಂಗಾ ಗೇಟು ದಾಟಿದೊಡನೆ ಸಾಹುಕಾರರು ನನ್ನನ್ನೂ ಮಾಲಿಯನ್ನೂ ಕರೆದರು.

“ಯಾರು ಹಿಂಗ ಬೋಳ್ಸಿದ್ದು?”

ನಾನು ಮೊದಲು ಮಾತಾಡಿದೆ. “ಮಾಲಿ ರೀ. ಮಷೀನು ಎಷ್ಟಕ್ಕ ಇಡಬೇಕಂತ ಅವಗ ತಿಳಿದಿಲ್ಲ.”

ಸಾಹುಕಾರರು ಮಾಲಿಯತ್ತ ತಿರುಗಿದರು. ಮಾಲಿ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ. ಕಾಗದದ ಚೂರನ್ನು ಅಲಗಿನ ನಡುವೆ ಹಿಡಿದು, ತುಂಡಾಗುತ್ತದೋ ಇಲ್ಲವೋ ಎಂದು ಕಾಯುವಾಗಿನ ನೋಟ.

“ದೂಡಿದಾವ ನಾನs ರೀ. ಇಟ್ಟಾವ್ರು ಯಾರಂತ ಮುನ್ಷಿಯವ್ರಿಗಿ ಗೊತ್ತದ. ಅವ್ರs ಹೇಳ್ಲಿ.”

ನನಗೆ ಎರಡನೆಯ ಸಲ ಅವಕಾಶ ಸಿಕ್ಕಿತ್ತು. ಒಂದು ಮಾತಿನ ಕೆಲಸ. ನಾನು ಹೇಳಿದ್ದಿಷ್ಟು: “ಅವನs ಇಟ್ಟಾನ್ರೀ.”

ಮರುದಿನ ಮಧ್ಯಾಹ್ನದೊಳಗೆ ಕೋಣೆ ಖಾಲಿ ಮಾಡಬೇಕೆಂದಾಯಿತು. ಬೆಳಿಗ್ಗೆ ಆಕೆ ಹೌದಿನಲ್ಲಿ ಕೊಡ ತುಂಬಿಕೊಂಡು, ದಾರಿಗೆ ಬೇಕೆಂದು ಅದನ್ನು ಹೊತ್ತೇ ಹೊರಟಳು. ಅರಕೇರಾದ ದಾರಿಯಲ್ಲಿರುವ ಗಬ್ಬೂರಿನವರೆಗೂ ಆ ನೀರು ಬಂದಿರಲಿಕ್ಕಿಲ್ಲ. ಇಬ್ಬರೂ ನನ್ನ ಮುಂದೆಯೇ ಹಾದುಹೋದರು. ಆಮೇಲೆ ಯಂತ್ರ ಇಡುತ್ತಿದ್ದ ಚಪ್ಪರಕ್ಕೆ ಹೋದೆ. ಗೋಣಿತಟ್ಟು ಹೊದಿಸಿತ್ತು. ತೆಗೆದು ನೋಡಿದರೆ ಅಲಗು ಮಸೆದಿತ್ತು, ಎಣ್ಣೆ ಸವರಿತ್ತು, ರೋಲರು ಬೇಸಿಗೆಯ ಗೀರಿಗೆ ಸರಿಯಾಗಿ ಬಿಗಿದಿತ್ತು. ಪಕ್ಕದಲ್ಲಿ ಕಾಗದದ ಎರಡು ತುಂಡು ಬಿದ್ದಿದ್ದವು, ಅಂಚು ನೇರವಾಗಿತ್ತು.

ಮಳೆ ಬಿದ್ದಾಗ ಕರಿಕೆ ಮತ್ತೆ ಹಬ್ಬಿತು. ನಾನು ಆ ಎರಡು ಗೀರುಗಳನ್ನು ನೋಡಿಯೇ ಮುಂದಿನ ವರ್ಷಗಳನ್ನು ನಡೆಸಿದೆ. ತೋಟ ಬಲ್ಲವನೆಂದು ಹೆಸರೂ ಬಂತು.

1949ರಲ್ಲಿ, ನಿಜಾಮರ ಆಡಳಿತ ಮುಗಿದ ಮೇಲೆ, ಹತ್ತಿ ತರಲು ಸಾಹುಕಾರರ ಲಾರಿಯಲ್ಲಿ ಅರಕೇರಾಕ್ಕೆ ಹೋಗಬೇಕಾಯಿತು. ಇಂಜಿನ್ನು ಕಾದದ್ದರಿಂದ ಡ್ರೈವರು ಬಾವಿಯ ಹತ್ತಿರ ನಿಲ್ಲಿಸಿದ. ಬಾವಿಯ ಮೇಲಿದ್ದವರು ತಾವಾಗಿಯೇ ಎರಡು ಕೊಡ ಸೇದಿ ರೇಡಿಯೇಟರಿಗೆ ಸುರಿದರು. ಬೇವಿನ ಗಿಡದ ಕೆಳಗೆ ಒಬ್ಬಳು ಖಾಲಿ ಕೊಡ ಮುಂದಿಟ್ಟುಕೊಂಡು ಕೂತಿದ್ದಳು. ಮಾಲಿಯ ಹೆಂಡತಿ. ನಾನು ಮುಖ ತಿರುಗಿಸುವಷ್ಟರಲ್ಲಿ ಆಕೆ ಎದ್ದು ಬಂದು, ಲಾರಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು.

“ಮುನ್ಷಿಯವ್ರೇನ್ರೀ? ಹುಲ್ಲು ಚಿಗೀತೇನ್ರೀ?”

“ಚಿಗೀತು.”

“ಅವ್ರು ಕೇಳತಿದ್ರು ನೋಡ್ರೀ, ಮಳಿ ಬಂದಾಗೆಲ್ಲ. ಈಗ ತುಂಗಭದ್ರಾ ಡ್ಯಾಮಿನ ಕೆಲಸಕ್ಕ ಹೋಗ್ಯಾರ. ಬಂದ್ರ ಹೇಳತೀನ್ರೀ, ಚಿಗೀತಂತ.”

ಲಾರಿಯಿಂದ ಇಳಿದು ಕೊಡ ಇಸಿದುಕೊಂಡು ಆಕೆಗೆ ನೀರು ತುಂಬಿಸಿಕೊಡಬಹುದಿತ್ತು. ತಪ್ಪು ನನ್ನದೆಂದು ಹೇಳಿ ಕಳಿಸಬಹುದಿತ್ತು. ಡ್ರೈವರು ಬಾನೆಟ್ಟು ಮುಚ್ಚಿದ. ನಾವು ಹೊರಟೆವು. ಆಕೆ ಮತ್ತೆ ಹೋಗಿ ಕೊಡದ ಹತ್ತಿರ ಕೂತದ್ದು ಕಾಣಿಸಿತು. ಮಾಲಿ ಡ್ಯಾಮಿನ ಕೆಲಸದಿಂದ ತಿರುಗಿ ಬರಲಿಲ್ಲವೆಂದು ಆಮೇಲೆ ಅರಕೇರಾದ ಹತ್ತಿಯವರಿಂದ ತಿಳಿಯಿತು.

ಕೇಳಿದವರಿಗೆ ನಾನು ಹೇಳುವುದು ಇಷ್ಟು. ಒಂದು ಸಲಕ್ಕೆ ಹುಲ್ಲಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬೇಡಿ. ಎರೆ ನೆಲದಲ್ಲಿ ಬೇಸಿಗೆಗೆ ಎತ್ತರ ಬಿಡಿ. ಇಂದು ಇನ್ನೊಂದನ್ನು ಸೇರಿಸುತ್ತೇನೆ. ಯಂತ್ರ ತಳ್ಳುವವರು ಒಂದು ಸಾಲು ತಳ್ಳಿ ನಿಂತರೆ, ಯಾಕೆ ನಿಂತರೆಂದು ಕೇಳಿ. ಕೇಳದೆ ಕೆಡಿಸಿದರೆ, ಕೆಡಿಸಿದ್ದು ನಾನು ಎಂದು ಅಲ್ಲಿಯೇ, ಆಗಲೇ ಹೇಳಿ. ಆಮೇಲೆ ಹೇಳುತ್ತೇನೆಂದರೆ ಕೇಳುವವರು ಇರುವುದಿಲ್ಲ.

ಬಂಗಲೆಯಲ್ಲಿ ನಾನು ಒಮ್ಮೆಯೂ ಬಾಯಿ ತುಂಬ ಕರೆಯದ ಆ ಹೆಸರನ್ನು ಇಲ್ಲಿ ಬರೆದು ನಿಲ್ಲಿಸುತ್ತೇನೆ. ಅರಕೇರಾದ ತಾಯಪ್ಪ.