ಅಯ್ಯನವರ ಕೈಗೆ ಕೋಲು

ಆಗ ನಮ್ಮ ಮಸ್ಕಿಯಲ್ಲಿ ಓಡುವವರೆಂದರೆ ಎರಡೇ ಬಗೆ. ಬಸ್ಸು ತಪ್ಪಿಸಿಕೊಂಡವರು, ಮಾಸ್ತರರ ಕೈಗೆ ಸಿಗಬಾರದೆಂದು ಓಡುವವರು. ಯಾರೂ ಬೆನ್ನಟ್ಟದಿದ್ದರೂ ಬೆಳಗಾಗೆದ್ದು ಓಡುವವರನ್ನು ಕಂಡರೆ ಜನ ಚಹಾದ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದು ನೋಡುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸೈಕಲ್ ರಿಪೇರಿ ಅಂಗಡಿಯ ಹನುಮಂತಣ್ಣ ಅಂಥವರನ್ನೆಲ್ಲ ಕಟ್ಟಿಕೊಂಡು ಓಟದ ಸಂಘ ಮಾಡಿದ್ದ. ಎಳ್ಳಮವಾಸ್ಯೆ ಮುಗಿದ ಮೇಲೆ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಊರಿನ ಸಂಘಗಳು ಸೇರಿ ರಿಲೇ ಓಟ ಇಟ್ಟುಕೊಂಡವು. ಲಿಂಗಸುಗೂರಿನಲ್ಲಿ ಶುರು, ನಮ್ಮೂರ ಮೇಲೆ ಹಾದು ಸಿಂಧನೂರಿನಲ್ಲಿ ಮುಕ್ತಾಯ. ತಂಡಕ್ಕೆ ಹತ್ತು ಮಂದಿ ದಾರಿ ಹಂಚಿಕೊಂಡು ಓಡಬೇಕು, ಒಂದು ಕೋಲು ಕೈಯಿಂದ ಕೈಗೆ ಸಾಗಬೇಕು. ಬರೀ ಗಟ್ಟಿಮುಟ್ಟಾದ ಹುಡುಗರೇ ಓಡಿದರೆ ನೋಡುವವರಿಗೆ ಮಜಾ ಇಲ್ಲವೆಂದು ಹಿರಿಯರು ಒಂದು ನಿಯಮ ಸೇರಿಸಿದರು. ಪ್ರತಿ ತಂಡದಲ್ಲೂ ಹದಿನಾಲ್ಕು ದಾಟದವರೊಬ್ಬರು, ನಲವತ್ತೈದು ದಾಟಿದವರೊಬ್ಬರು ಇರಲೇಬೇಕು.

ನಲವತ್ತೈದು ದಾಟಿದವರು ನಮಗೆ ಸುಲಭಕ್ಕೆ ಸಿಕ್ಕರು. ಮಠದ ಓಣಿಯ ಬಸಯ್ಯನವರು ನಸುಕಿನಲ್ಲಿ ಜೋಳಿಗೆ ಹೆಗಲಿಗೇರಿಸಿ ಪಾಮನಕಲ್ಲೂರ ದಾರಿಯ ಹಳ್ಳಿಗಳಿಗೆ ಭಿಕ್ಷೆಗೆ ಹೊರಟರೆ ಬಿಸಿಲೇರುವುದರೊಳಗೆ ತಿರುಗಿ ಊರಲ್ಲಿರುತ್ತಿದ್ದರು. ಅವರ ನಡಿಗೆಯೇ ನಮ್ಮ ಓಟದಷ್ಟಿತ್ತು. ಜಂಗಮರು ಎದುರಾದರೆ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಬಾಗಿ ಪಾದ ಮುಟ್ಟುತ್ತಿದ್ದೆವು. ಅವರು ತಲೆಯ ಮೇಲೆ ಕೈಯಿಟ್ಟು, ಮನೆಮಂದಿಯನ್ನೆಲ್ಲ ವಿಚಾರಿಸಿ ಮುಂದೆ ಹೋಗುತ್ತಿದ್ದರು.

ಹದಿನಾಲ್ಕು ದಾಟದವಳು ನಾನು. ಏಳನೆಯ ಇಯತ್ತೆ. ಅಪ್ಪ ಮರೆತು ಹೋಗಿದ್ದ ಚೀಲ ಹಿಡಿದುಕೊಂಡು ಲಿಂಗಸುಗೂರು ಬಸ್ಸಿನ ಹಿಂದೆ ಓಡಿ, ಡ್ರೈವರನ ಬಾಗಿಲು ಬಡಿದು ಬಸ್ಸು ನಿಲ್ಲಿಸಿದ್ದೆ. ಅದನ್ನು ಹನುಮಂತಣ್ಣ ನೋಡಿಬಿಟ್ಟಿದ್ದ. ಅಂದು ಸಂಜೆಯೇ ಮನೆಗೆ ಬಂದ.

ಅಜ್ಜಿ ಒಲೆಯ ಮುಂದಿನಿಂದಲೇ ಗುಡುಗಿದಳು. "ಹೆಣ್ಣುಡುಗಿ ರೋಡಿನ ಮ್ಯಾಲ ಓಡಾದಂದ್ರೇನು? ಓಡಿ ಓಡಿ ಹಿರೇರು ಕಿರೇರು ಅನ್ನಾದ ಮರೀತಾಳ."

ಅಪ್ಪನಿಗೆ ಓಟದ ಮೇಲೆ ಸಿಟ್ಟೇನಿರಲಿಲ್ಲ. ಆದರೆ ಕಿರಾಣಿ ಅಂಗಡಿಗೆ ಬಂದವರೆಲ್ಲ "ಸಾವುಕಾರ್ರ, ಮಗಳಿಗೆ ಕುದುರಿ ಜೀನು ಹೊಲಸ್ರಿ" ಎಂದು ಕಾಡಿಸಿ ಅವರ ತಲೆ ಕೆಡಿಸಿದ್ದರು. ಕೊನೆಗೊಂದು ಫರಮಾನು ಹೊರಡಿಸಿದರು. "ಗೆದ್ದು ಬಾ, ಹೈಸ್ಕೂಲಿನಾಗೂ ಓಡು. ಸೋತ್ರ ಇದೇ ಕಡೀದು ನೋಡು."

ನನಗೆ ಆಗ ಓಟ ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಬೇಕಿರಲಿಲ್ಲ. ಅಣ್ಣನ ಕ್ಯಾನ್ವಾಸ್ ಬೂಟಿನ ಮೂತಿಗೆ ಅರಳೆ ತುರುಕಿ ತೊಟ್ಟುಕೊಂಡು, ಬಾಯಲ್ಲಿ ಶೇಂಗಾ ಬೆಲ್ಲ ಜಗಿಯುತ್ತ ದಿನಾ ಬೆಳಿಗ್ಗೆ ಓಡಿದೆ. ಕೋಲನ್ನು ಬಸಯ್ಯನವರ ಕೈಗೆ ಕೊಡುವ ಪಾಳಿ ನನ್ನದೇ. ಬೆವರಿಗೆ ಜಾರಬಾರದೆಂದು ಅವರು ಆ ಬಿದಿರು ಕೋಲಿಗೆ ವಿಭೂತಿ ಉಜ್ಜಿಡುತ್ತಿದ್ದರು. ನನ್ನ ಅಂಗೈಗೆಲ್ಲ ದೇವರ ಜಗಲಿಯ ವಾಸನೆ.

ತೊಂದರೆ ಶುರುವಾದದ್ದೇ ಅಲ್ಲಿ. ಓಡಿ ಬಂದು ಅಯ್ಯನವರನ್ನು ಕಂಡದ್ದೇ ನಾನು ಗಕ್ಕನೆ ನಿಂತು ಪಾದ ಮುಟ್ಟಿಬಿಡುತ್ತಿದ್ದೆ. ಹನುಮಂತಣ್ಣ ತಲೆ ಚಚ್ಚಿಕೊಳ್ಳುತ್ತಿದ್ದ. ಕಡೆಗೆ ಒಂದು ಉಪಾಯ ಹುಡುಕಿದ. "ನಮಸ್ಕಾರೆಲ್ಲಾ ಮುಂಜಾನೆನೇ ಮಾಡಿ ಮುಗಿಸಿಬಿಡು. ಓಡುಮುಂದ ಅವರು ಅಯ್ಯಾರಲ್ಲ, ನೀ ಗಂಗೂ ಅಲ್ಲ. ತಿಳೀತಾ?" ಒಂದು ವಾರದಲ್ಲಿ ನಾನು ಪಳಗಿದೆ.

ಓಟದ ದಿನವೂ ನಸುಕಿನಲ್ಲೇ ಮಠದ ಓಣಿಗೆ ಹೋಗಿ ಪಾದ ಮುಟ್ಟಿ ಬಂದೆ. ಅಪ್ಪ, ಅಜ್ಜಿ ಇಬ್ಬರೂ ಯಾರದೋ ಟ್ರ್ಯಾಕ್ಟರು ಹತ್ತಿ ಗೊರೇಬಾಳದ ಹತ್ತಿರ ನಾನು ಕೋಲು ಕೊಡುವ ಬನ್ನಿಗಿಡದ ಬಳಿ ಕಾದಿದ್ದರು. ಅಜ್ಜಿಯ ಮಡಿಲಲ್ಲಿ ಡಬ್ಬಿ ತುಂಬ ಮಂಡಾಳು ಒಗ್ಗರಣೆ, ಮಂಡಕ್ಕಿ ನೆನೆಸಿ ಖಾರ ಹಾಕಿ ಮಾಡಿದ್ದು.

ನನ್ನ ಕೈಗೆ ಕೋಲು ಬಂದಾಗ ಸಿಂಧನೂರಿನ ಹುಡುಗ ಮುಂದಿದ್ದ. ಹೊಸ ಬೂಟು ಅವನದು. ಕಾಲುವೆ ನೀರಿನ ಗದ್ದೆಗಳು ಶುರುವಾದವು, ಹಸಿ ಮಣ್ಣಿನ ತಂಪು ಮುಖಕ್ಕೆ ಬಡಿಯಿತು, ನನಗೆ ಎಲ್ಲಿಂದ ಉಸಿರು ಬಂತೋ ಗೊತ್ತಿಲ್ಲ. ಹುಡುಗನನ್ನು ಹಿಂದೆ ಹಾಕಿದೆ. ಹನುಮಂತಣ್ಣ ಪಕ್ಕದಲ್ಲಿ ಸೈಕಲ್ ತುಳಿಯುತ್ತ "ಭಲೇ ಗಂಗೂ! ಹಂಗ ಹೊಡಿ!" ಎಂದು ಕಿರುಚುತ್ತಿದ್ದ. ಹೈಸ್ಕೂಲಿನ ಬಯಲು ನನ್ನ ಕಣ್ಣಿಗೆ ಕಟ್ಟಿತ್ತು.

ಬನ್ನಿಗಿಡದ ಕೆಳಗೆ ಬಸಯ್ಯನವರು ಕಚ್ಚೆ ಬಿಗಿದು ಕೈ ಚಾಚಿ ನಿಂತಿದ್ದರು. ಹಣೆ ತುಂಬ ವಿಭೂತಿ. ಅವರ ಹಿಂದೆ ಕೈ ಮುಗಿದುಕೊಂಡು ನಿಂತ ಅಜ್ಜಿ. ಅಷ್ಟು ಕಂಡದ್ದೇ ನನ್ನ ಕಾಲು ತಾವಾಗಿಯೇ ನಿಂತವು. ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ಬಾಗಿ, ಎರಡೂ ಕೈಯಿಂದ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಶರಣ್ರಿ ಅಯ್ಯಾರ."

ನಾನೊಬ್ಬಳೇ ಮರೆತಿದ್ದರೆ ಅಷ್ಟು ಕೆಡುತ್ತಿರಲಿಲ್ಲ. ಅಯ್ಯನವರೂ ಮರೆತರು. ಚಾಚಿದ್ದ ಕೈಯನ್ನು ನನ್ನ ತಲೆಯ ಮೇಲಿಟ್ಟು, "ಕಲ್ಯಾಣಾಗ್ಲಿ ಮಗಳ. ಎಲ್ಲಾರೂ ಅರಾಮದಾರಾ? ಊಟಾತಾ?" ಎಂದರು.

"ಆಗೇತ್ರಿ" ಎಂದೆ.

ಅಷ್ಟರಲ್ಲಿ ಸಿಂಧನೂರಿನ ಹುಡುಗ ಬಂದು ಕೋಲು ಕೊಟ್ಟಾಗಿತ್ತು, ಅವರ ಓಟಗಾರ ನೂರು ಮಾರು ದೂರ ಹೋಗಿದ್ದ. ಹನುಮಂತಣ್ಣನ ಬಾಯಿಂದ ಆಗ ಬಂದ ಮಾತನ್ನು ಇಲ್ಲಿ ಬರೆಯಲಾರೆ. ಅಯ್ಯನವರು ಕೋಲು ಕಿತ್ತುಕೊಂಡು ಹಾರಿದರು. ಆ ವಯಸ್ಸಿನಲ್ಲಿ ಅಂಥ ಓಟ ನಾನು ಮತ್ತೆ ನೋಡಿಲ್ಲ. ಕೊನೆಯ ಓಟಗಾರನಿಗೆ ಅವರು ಕೋಲು ಕೊಡುವ ಹೊತ್ತಿಗೆ ಅಂತರ ಹೆಚ್ಚುಕಡಿಮೆ ಮುಚ್ಚಿಹೋಗಿತ್ತಂತೆ. ಆದರೂ ಸಿಂಧನೂರಿನಲ್ಲಿ ನಾವು ಎರಡೇ ಹೆಜ್ಜೆಯಿಂದ ಸೋತೆವು. ಟ್ರ್ಯಾಕ್ಟರು ಅಪ್ಪ, ಅಜ್ಜಿ, ನನ್ನನ್ನು ಅಲ್ಲಿಗೆ ಮುಟ್ಟಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಪಾದಾ ಮುಟ್ಟಾಕ ಅದೇ ಟೈಮ್ ಬೇಕಿತ್ತೇನ್ ಬೇ ನಿನಗ?" ಹನುಮಂತಣ್ಣ ಅಳುವುದೊಂದೇ ಬಾಕಿ. ಆ ಕೆಲಸವನ್ನು ನಾನು ಮಾಡುತ್ತಿದ್ದೆ.

"ಆಕೀನ್ ಬೈಬ್ಯಾಡೋ. ಊಟದ ಸುದ್ದಿ ತಗದಾಂವ ನಾ" ಎಂದರು ಅಯ್ಯನವರು, ತಲೆ ತಗ್ಗಿಸಿಕೊಂಡು.

ಅಪ್ಪ ಹತ್ತಿರ ಬಂದರು. ಇನ್ನು ಮುಗಿಯಿತು ಎಂದುಕೊಂಡೆ. ಆದರೆ ಅಜ್ಜಿ ಅವರನ್ನು ಬದಿಗೆ ಸರಿಸಿ ಒಗ್ಗರಣೆಯ ಡಬ್ಬಿ ನನ್ನ ಕೈಗಿಟ್ಟು, ಮಂದಿಗೆಲ್ಲ ಕೇಳುವಂತೆ ಹೇಳಿದಳು. "ಜೀವಾ ಬಿಟ್ಟು ಓಡುಮುಂದನೂ ಅಯ್ಯಾರ ಪಾದಾ ಮರೀಲಿಲ್ಲ ನೋಡ್ರಿ ನನ್ನ ಮೊಮ್ಮಗಳು. ಇಂಥಾಕಿ ಎಲ್ಲಿಗೆ ಓಡಿದ್ರೇನು, ಓಡ್ಲಿ!"

ಅಪ್ಪ ನನ್ನ ಕಾಲಿನ ಕಡೆ ನೋಡಿದರು. ಬೂಟಿನಿಂದ ಅರಳೆ ಹೊರಗೆ ಇಣುಕುತ್ತಿತ್ತು. "ಹೈಸ್ಕೂಲಿಗೆ ಹೋಗೂದ್ರಾಗ ಅಳತೀದು ಒಂದು ಜೋಡಿ ತರೂಣು" ಎಂದರು.

ಅದು ಭಕ್ತಿಯಲ್ಲ, ಬರೀ ರೂಢಿ ಎಂದು ನಾನು ಬಾಯಿ ಬಿಡಲಿಲ್ಲ. ಅತ್ತು ಕೆಂಪಾದ ಮುಖದಲ್ಲಿಯೇ ಒಗ್ಗರಣೆ ಮುಕ್ಕಿದೆ. ಅಷ್ಟು ರುಚಿಯ ಒಗ್ಗರಣೆ ಆಮೇಲೆ ತಿಂದಿಲ್ಲ.

ಮರುವರ್ಷ ಅದೇ ಗಿಡದ ಕೆಳಗೆ ನಾನು ಬರುವುದನ್ನು ದೂರದಿಂದ ಕಂಡೇ ಅಯ್ಯನವರು ಕೂಗಿದರು. "ಮೊದ್ಲು ಕೋಲು ಕೊಡು ಬೇ! ಪಾದಾ ಎಲ್ಲಿಗೂ ಹೋಗಂಗಿಲ್ಲ!" ಕೊಟ್ಟೆ. ಗೆದ್ದೆವು.

ಈಗ ನಾನು ಸಿಂಧನೂರಿನ ಶಾಲೆಯೊಂದರಲ್ಲಿ ಡ್ರಿಲ್ ಟೀಚರು. ನನ್ನ ಹುಡುಗಿಯರು ಹಿಂದೆ ತಿರುಗಿ ನೋಡದೆಯೇ ಕೋಲು ತೆಗೆದುಕೊಳ್ಳುತ್ತಾರೆ. ಹಾಗೆ ಕಲಿಸಿದವಳೂ ನಾನೇ. ಅವರನ್ನು ಓಡಬೇಡವೆನ್ನುವ ಅಜ್ಜಿಯರು ಈಗ ಕಡಿಮೆ, ಅದು ನನಗೆ ದೊಡ್ಡ ಸಂತೋಷ. ಆದರೆ ಆ ರಸ್ತೆಯಲ್ಲಿ ರಿಲೇ ನಿಂತು ಎಷ್ಟೋ ವರ್ಷವಾಯಿತು. ಭತ್ತದ ಲಾರಿಗಳ ನಡುವೆ ಅಲ್ಲಿ ಓಡುವುದಿರಲಿ, ದಾಟುವುದೇ ಕಷ್ಟ. ರಸ್ತೆ ಅಗಲ ಮಾಡುವಾಗ ಬನ್ನಿಗಿಡ ಹೋಯಿತು. ಅದಕ್ಕೂ ಮೊದಲೇ ಬಸಯ್ಯನವರು ಹೋದರು. ಎಲ್ಲಿಗೂ ಹೋಗುವುದಿಲ್ಲ ಎಂದಿದ್ದ ಪಾದ ಹೋಗಿಯೇಬಿಟ್ಟವು.

ಮಸ್ಕಿಗೆ ಹೋಗುವ ಬಸ್ಸು ಆ ಜಾಗ ದಾಟುವಾಗ ನನ್ನ ತಲೆ ತಾನಾಗಿಯೇ ಬಾಗುತ್ತದೆ. ಪಕ್ಕದ ಸೀಟಿನವರು ನನಗೆ ತೂಕಡಿಕೆ ಅಂದುಕೊಂಡು ಸ್ವಲ್ಪ ಸರಿದು ಜಾಗ ಕೊಡುತ್ತಾರೆ.